ಬರಿಗಿವಿಯ ಅರ್ಜಿ

ಹಿರೇಕಣವಿ,
ಯಾವ ತಿಂಗಳಿಗೂ ಸೇರದ ಐದನೆಯ ದಿನ, ೨೧೯೮

ನನಗಿಂತ ಆರೇಳು ತಲೆಮಾರು ಹಿಂದಿರುವ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ನನಗೆ ಅರಳುಮರಳು ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಯಾಕೆ ಎಂದು ಯಾರೋ ಕೇಳಿದರಂತೆ, ಯಾರಿಗೂ ಉತ್ತರ ಗೊತ್ತಿರಲಿಲ್ಲವಂತೆ, ಸಮ ಮಾಡಿಬಿಟ್ಟರು. ನನ್ನ ಮೊಮ್ಮಗಳು ಹೊನ್ನಿ ಹುಟ್ಟಿದ್ದು ಫೆಬ್ರುವರಿ ಮೂವತ್ತರಂದು. ಹಾಗೆ ಸಮ ಮಾಡಿದಾಗ ವರ್ಷದ ತುದಿಯಲ್ಲಿ ಐದು ದಿನ ಮಿಕ್ಕವು. ಅವಕ್ಕೆ ಖಾಲಿ ದಿನಗಳು ಅನ್ನುತ್ತೇವೆ. ಈ ಪತ್ರ ಬರೆಯುತ್ತಿರುವುದು ಅವುಗಳಲ್ಲಿ ಕೊನೆಯ ದಿನ, ಮಧ್ಯಾಹ್ನ, ನೋಂದಣಿ ಕಚೇರಿಯ ಹೊರಗಿನ ಕಲ್ಲುಬೆಂಚಿನ ಮೇಲೆ. ನನ್ನ ಮಾತುಗಳು ನಿಮಗೆ ಒಡ್ಡೊಡ್ಡಾಗಿ ಕಂಡರೆ ಕ್ಷಮಿಸಿ. ಅರವತ್ತೆರಡು ವರ್ಷಗಳಲ್ಲಿ ನಾನು ಯಾರ ಸಹಾಯವೂ ಇಲ್ಲದೆ ಬರೆದದ್ದು ಈ ವಾರದಲ್ಲಿ ಮಾತ್ರ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ಇನ್ನೂ ಹುಟ್ಟಿಲ್ಲ ಎಂಬುದೂ ನನಗೆ ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಮೇಲೆ ನನಗೆ ಸಿಟ್ಟಿದೆ.

ನನ್ನ ಹೆಸರು ಕಾಳಮ್ಮ ಬಡಿಗೇರ. ವಯಸ್ಸು ಎಪ್ಪತ್ತೆರಡು. ನಲವತ್ತು ವರ್ಷ ಸೀರೆಯ ಅಂಚಿನ ಚಿತ್ತಾರದ ಕೆಲಸ ಮಾಡಿದೆ. ನನ್ನ ಗುರುತಿನ ಚೀಟಿಯಲ್ಲಿ 'ಕಲಾವಿದೆ' ಎಂದಿದೆ. ಆ ಕೆಲಸ ಹೇಗಿತ್ತು ಎಂದು ಹೇಳಿದರೆ ನೀವು ನಗುತ್ತೀರಿ, ಆದರೂ ಹೇಳುತ್ತೇನೆ. ಬೆಳಿಗ್ಗೆ ಹೋಗಿ ಬೆಳಕಿನ ಮಣೆಯ ಮುಂದೆ ಕೂತರೆ ಸಿದ್ಧವಾಗಿ ಬಿಡಿಸಿದ ಮೂರು ಅಂಚು ಅದರ ಮೇಲೆ ಮೂಡುತ್ತಿದ್ದವು. ಅದರಲ್ಲಿ ಒಂದನ್ನು ಮುಟ್ಟಬೇಕು. ಮುಟ್ಟಿದ ಮೇಲೆ ಚಹಾ. ಆಮೇಲೆ ಮತ್ತೆ ಮೂರು. ನಾನು ಹೆಚ್ಚಾಗಿ ನಡುವಿನದನ್ನೇ ಮುಟ್ಟುತ್ತಿದ್ದೆ, ಕೈ ಚಾಚಲು ಅದೇ ಹತ್ತಿರ. ನಿವೃತ್ತಿಯ ದಿನ ನನ್ನ ಕಲೆಯನ್ನು ಹೊಗಳಿ ಮೂವರು ಮಾತಾಡಿದರು. ಮೂವರೂ ಒಂದೇ ಮಾತನ್ನು ಹೇಳಿದರು, ನಾನೂ ಕಣ್ಣೊರೆಸಿಕೊಂಡೆ.

ಇದಕ್ಕೆಲ್ಲ ಕಾರಣ ಕಿವಿಮಣಿ. ಹತ್ತು ವರ್ಷ ತುಂಬಿದ ಮಕ್ಕಳಿಗೆ ಹೊಸ ವರ್ಷದ ಮೊದಲ ದಿನ ಕಿವಿಯೊಳಗೆ ಮಣಿ ಕೂರಿಸುತ್ತಾರೆ. ಹೊಸ ಬಟ್ಟೆ, ಹೋಳಿಗೆ, ನೆಂಟರು, ಎಲ್ಲ ಇರುತ್ತದೆ. ಸಾಸಿವೆಗಿಂತ ತುಸು ದೊಡ್ಡದು, ನೋವಾಗುವುದಿಲ್ಲ. ಒಮ್ಮೆ ಕೂತಿತೆಂದರೆ ಅದು ಕಿವಿಯ ಮಾಂಸದೊಳಗೆ ಬೆಳೆದುಬಿಡುತ್ತದೆ, ತೆಗೆಯಲು ಬರುವುದಿಲ್ಲ. ನೀವು ಏನನ್ನಾದರೂ ನೋಡುವ ಮೊದಲೇ ಅದು ಏನೆಂದು ಮಣಿ ಹೇಳುತ್ತದೆ. ಚೆನ್ನಾಗಿದೆಯೋ ಇಲ್ಲವೋ ಅದನ್ನೂ ಹೇಳುತ್ತದೆ. ಎದುರಿನವರು ಮಾತಾಡಿದರೆ ಉತ್ತರಕ್ಕೆ ಮೂರು ಮಾತು ಕೊಡುತ್ತದೆ, ನಾವು ಒಂದನ್ನು ಆಡುತ್ತೇವೆ. ಎಲ್ಲವೂ ಅಚ್ಚಿನ ಕನ್ನಡ, ಒಂದು ಅಕ್ಷರ ತಪ್ಪಿರುವುದಿಲ್ಲ. ಈ ಮಾತುಗಳೆಲ್ಲ ಬರುವುದು ಕಣಜದಿಂದ. ಇದುವರೆಗೆ ಮನುಷ್ಯರು ಆಡಿದ, ಬರೆದ ಮಾತನ್ನೆಲ್ಲ ಕೂಡಿಟ್ಟ ಜಾಗಕ್ಕೆ ನಾವು ಕಣಜ ಅನ್ನುತ್ತೇವೆ. ಅದರಲ್ಲಿ ನಿಮ್ಮ ಮಾತುಗಳೂ ಇವೆ. ನಾನು ಕೇಳಿದ್ದೇನೆ.

ಇಲ್ಲಿ ಯಾರೂ ನಮ್ಮನ್ನು ಹಿಡಿದು ಬಡಿದು ಮಣಿ ಹಾಕುವುದಿಲ್ಲ. ಅದನ್ನು ಮೊದಲು ತಿಳಿದುಕೊಳ್ಳಿ. ನಿಮ್ಮ ಕಾಲದವರು ಮುಂದೆ ಬರುವ ದಿನಗಳನ್ನು ನೆನೆದು ಹೆದರುವಾಗ ಬೂಟುಗಾಲಿನ ಸೈನಿಕರನ್ನೇ ಕಲ್ಪಿಸಿಕೊಳ್ಳುತ್ತಿದ್ದರು. ಅಂಥ ಯಾರೂ ಬರಲಿಲ್ಲ. ನಿಮ್ಮ ಕೈಯಲ್ಲಿದ್ದ ಫೋನು 'ಸರಿ', 'ಧನ್ಯವಾದ', 'ಆಗಲಿ' ಎಂದು ಮೂರು ಉತ್ತರ ತೋರಿಸುತ್ತಿತ್ತಲ್ಲ, ತಂಗಿ ನಾಲ್ಕು ಸಾಲು ಬರೆದು ಕಳಿಸಿದರೆ ನೀವು ಅದರಲ್ಲಿ ಒಂದನ್ನು ಒತ್ತಿ ಫೋನು ಜೇಬಿಗೆ ಹಾಕುತ್ತಿದ್ದಿರಲ್ಲ, ಅಷ್ಟೇ ಆದದ್ದು. ನಿಮಗೆ ಆಗ ಪುರುಸೊತ್ತಿರಲಿಲ್ಲ. ಉಳಿಸಿದ ಆ ಪುರುಸೊತ್ತನ್ನು ಏನು ಮಾಡಿದಿರಿ ಎಂದು ಕಣಜದಲ್ಲಿ ಹುಡುಕಿದೆ, ಸಿಗಲಿಲ್ಲ.

ಖಾಲಿ ದಿನಗಳಲ್ಲಿ ಕಣಜಕ್ಕೆ ದುರಸ್ತಿ. ಐದು ದಿನ ಎಲ್ಲರ ಮಣಿಯೂ ಸುಮ್ಮನಿರುತ್ತದೆ. ಜನ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಬರಲೇಬೇಕಾದವರು ಹಿಂದಿನ ದಿನವೇ ಮಣಿಯನ್ನು ಕೇಳಿ ಮಾತಿನ ಚೀಟಿ ಬರೆದಿಟ್ಟುಕೊಳ್ಳುತ್ತಾರೆ. ಅಂಗಡಿಯಲ್ಲಿ ಆಡಬೇಕಾದ್ದು, ನೆರೆಮನೆಯವರು ಸಿಕ್ಕರೆ ಆಡಬೇಕಾದ್ದು, ಮಕ್ಕಳು ಹಟ ಮಾಡಿದರೆ ಆಡಬೇಕಾದ್ದು, ಹೀಗೆ ಹತ್ತು ಹದಿನೈದು ಸಾಲು. ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಾರೆ. ನಾನೂ ಅರವತ್ತು ವರ್ಷ ಹಾಗೇ ಓಡಾಡಿದವಳು.

ಈಗ ವಿಷಯಕ್ಕೆ ಬರುತ್ತೇನೆ. ಹೊನ್ನಿಗೆ ಹತ್ತು ತುಂಬಿದೆ. ನಾಳೆ ಹೊಸ ವರ್ಷ. ನಾಳೆ ಬೆಳಿಗ್ಗೆ ಅವಳಿಗೆ ಮಣಿ.

ಮಣಿ ಬೇಡ ಎನ್ನಲು ಕಾಯಿದೆಯಲ್ಲಿ ಅವಕಾಶವಿದೆ. ಅದಕ್ಕೆ ಬರಿಗಿವಿಯ ಅರ್ಜಿ ಎಂದು ಹೆಸರು. ಮನೆಯ ಹಿರಿಯರು ಒಂದು ಹಾಳೆ ಬರೆದುಕೊಡಬೇಕು, ಅದರಲ್ಲಿ ಒಂದಾದರೂ ಸಾಲು ಹೊಸದಾಗಿರಬೇಕು, ಆ ಸಾಲು ಬರೆದವರದ್ದೇ ಆಗಿರಬೇಕು. ತಮ್ಮದೆನ್ನುವ ಒಂದು ಸಾಲೂ ಇಲ್ಲದವರು ಮಣಿಯಿಲ್ಲದ ಮಗುವನ್ನು ಹೇಗೆ ಬೆಳೆಸುತ್ತಾರೆ ಎಂಬುದು ಕಾಯಿದೆ ಮಾಡಿದವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಾನು ಈ ವರ್ಷ ಹನ್ನೊಂದು ಅರ್ಜಿ ಹಾಕಿದೆ. ಹನ್ನೊಂದೂ ವಾಪಸು ಬಂದವು. ಪ್ರತಿ ಸಾಲಿನ ಪಕ್ಕದಲ್ಲೂ ಒಂದೇ ಷರಾ, 'ಇದೆ'. ಅಂದರೆ ಆ ಮಾತು ಕಣಜದಲ್ಲಿ ಈಗಾಗಲೇ ಇದೆ ಎಂದು. 'ಮಗು ಸ್ವತಂತ್ರವಾಗಿ ಯೋಚಿಸಬೇಕು' ಎಂದು ಬರೆದೆ. ಇದೆ. 'ತನ್ನ ಕಣ್ಣಿನಿಂದ ಜಗತ್ತನ್ನು ನೋಡಬೇಕು' ಎಂದು ಬರೆದೆ. ಇದೆ. ಸ್ವಂತಿಕೆಯ ಬಗ್ಗೆ ನನಗೆ ಗೊತ್ತಿದ್ದ ಮಾತೆಲ್ಲ ಎರವಲು. ಹತ್ತನೆಯ ಸಲ ತಲೆಕೆಟ್ಟು 'ನಿಮ್ಮ ಕಣಜಕ್ಕೆ ಬೆಂಕಿ ಬೀಳಲಿ' ಎಂದು ಬರೆದು ಕಳಿಸಿದೆ. ಅದೂ ಇತ್ತು. ಬಹಳ ಜನ ಬೈದಿದ್ದಾರೆ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು, ಅರ್ಜಿಗೆ ಉಪಯೋಗವಾಗಲಿಲ್ಲ.

ಹೊನ್ನಿಯ ತಾಯಿ, ನನ್ನ ಮಗಳು ಸುವರ್ಣ, ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ಏನು ಮಾಡಲಿ ಎಂದು ಮಣಿಯನ್ನೇ ಕೇಳಿದಳು. ಮಣಿ ಹಾಕಿಸಬೇಕೋ ಬೇಡವೋ ಎಂದು ಮಣಿಯನ್ನು ಕೇಳುವ ಜನ ನಾವು. ನಾನು ಹೇಗೆ ಸಹಿಸಿಕೊಂಡೆನೋ ಗೊತ್ತಿಲ್ಲ.

ನನಗೆ ಯಾಕೆ ಇಷ್ಟು ಹಟ ಎಂದು ನೀವು ಕೇಳಬಹುದು. ವರ್ಷವಿಡೀ ನನಗೂ ಅದು ಸರಿಯಾಗಿ ತಿಳಿದಿರಲಿಲ್ಲ. ಖಾಲಿ ದಿನಗಳ ಮೊದಲನೆಯ ದಿನ ತಿಳಿಯಿತು. ಅಂದು ಪಕ್ಕದ ಮನೆಯ ಬಸಲಿಂಗವ್ವ ಸತ್ತಳು. ಯಾರೂ ಎಣಿಸಿರಲಿಲ್ಲ, ಹಿಂದಿನ ದಿನ ಗಟ್ಟಿಮುಟ್ಟಾಗಿ ಬಾವಿಕಟ್ಟೆಯ ಹತ್ತಿರ ನಿಂತು ಹೊನ್ನಿಯನ್ನು ಬೈಯುತ್ತಿದ್ದಳು. ಸಾವಿಗೆ ಆಡುವ ಮಾತು ಯಾರ ಚೀಟಿಯಲ್ಲೂ ಇರಲಿಲ್ಲ. ಓಣಿಯವರು ಒಬ್ಬೊಬ್ಬರಾಗಿ ಬಂದರು, ಹೆಣದ ಪಕ್ಕ ಕೂತಿದ್ದ ಮಗ ನಿಂಗಪ್ಪನ ಎದುರು ನಿಂತರು, ಚೀಟಿ ತೆಗೆದು ಮೇಲಿಂದ ಕೆಳಗೆ ಹುಡುಕಿದರು. ಸಿಕ್ಕಿದ್ದರಲ್ಲಿ ಹತ್ತಿರದ ಸಾಲನ್ನು ಓದಿದರು. 'ಮನೆಯಲ್ಲಿ ಎಲ್ಲರೂ ಆರೋಗ್ಯವೇ?' ಏಳು ಜನ ಅದನ್ನೇ ಓದಿದರು. ನಿಂಗಪ್ಪ ತನ್ನ ಚೀಟಿ ನೋಡಿ ಏಳು ಸಲವೂ 'ನಿಮ್ಮ ಆಶೀರ್ವಾದ' ಎಂದ. ಎಂಟನೆಯವಳು ನಾನು. ನಾನೂ ಅದನ್ನೇ ಓದಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೆ ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ.

ಹೊನ್ನಿ ನನ್ನ ಸೆರಗು ಜಗ್ಗಿದಳು. "ಆಯಿ, ಅಳಾಕೂ ಚೀಟಿ ಬೇಕೇನ?" ಎಂದಳು. ಆಮೇಲೆ ಹೋಗಿ ನಿಂಗಪ್ಪನ ಪಕ್ಕ ಕೂತು, "ಮಾಮಾ, ನಿಮ್ಮವ್ವ ನಂಗ ದಿನಾ ಬೈತಿದ್ಲು. ಇನ್ನ ನಂಗ ಯಾರು ಬೈತಾರ?" ಎಂದಳು. ನಿಂಗಪ್ಪ ಅವಳ ಮುಖ ನೋಡಿದ. ಐವತ್ತು ದಾಟಿದ ಗಂಡಸು, ಅವನ ಕೈಯಿಂದ ಚೀಟಿ ಜಾರಿತು. ಹೋ ಎಂದು ಅತ್ತ. ಅದನ್ನು ನೋಡಿ ಬಾಗಿಲಲ್ಲಿ ನಿಂತವರೂ ಅತ್ತರು. ನಾಳೆ ಮಣಿ ಕೂತ ಮೇಲೆ, ಇನ್ನೊಂದು ಸಾವಿನ ಮನೆಯಲ್ಲಿ, ನಮ್ಮ ಹೊನ್ನಿಯೂ 'ಮನೆಯಲ್ಲಿ ಎಲ್ಲರೂ ಆರೋಗ್ಯವೇ' ಎಂದು ಕೇಳುತ್ತಾಳೆ. ನನ್ನ ಹಟ ಅಷ್ಟಕ್ಕೇ.

ಅವಳ ಆ ಮಾತನ್ನೇ ಅರ್ಜಿಯಲ್ಲಿ ಬರೆದುಬಿಡುವ ಆಸೆ ನನಗೆ ಬಂತು. ಮುಚ್ಚಿಡುವುದಿಲ್ಲ. ಎರಡನೆಯ ದಿನ ಬೆಳಿಗ್ಗೆ ಬರೆದೂ ಬಿಟ್ಟೆ. ಹಾಳೆಯ ಮೇಲೆ ಅದು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಕೆಳಗೆ ನನ್ನ ಹೆಸರು ಹಾಕಲು ಕೈ ಹೋಯಿತು. ನಲವತ್ತು ವರ್ಷ ಬೇರೆಯವರ ಅಂಚು ಮುಟ್ಟಿ ಕಲಾವಿದೆ ಅನ್ನಿಸಿಕೊಂಡ ಕೈ ಅದು, ಅದಕ್ಕೆ ಬೇರೇನು ಗೊತ್ತು. ಮಗುವಿನ ಕಿವಿ ಉಳಿಸಲು ಮಗುವಿನ ಬಾಯಿಂದಲೇ ಕದಿಯಬೇಕಾಗಿ ಬಂತಲ್ಲ ಎಂದು ಹಾಳೆ ಹರಿದೆ. ಹರಿದ ಮೇಲೆ ಅರ್ಧ ತಾಸು ನನ್ನನ್ನು ನಾನೇ ಬೈದುಕೊಂಡೆ, ಯಾಕೆ ಹರಿದೆ ಎಂದು.

ಸುವರ್ಣಳಿಗೆ, ನೀನಾದರೂ ಒಂದು ಸಾಲು ಯೋಚಿಸು ಎಂದೆ. "ನೀನ ಬರಿ ಅವ್ವಾ, ನಂಗ ಬರಂಗಿಲ್ಲ. ನಂದು ಅನ್ನೂದು ಒಂದು ಮಾತೂ ನೆನಪಾಗವಲ್ದು," ಎಂದು ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೂತುಬಿಟ್ಟಳು. ಕಣ್ಣಲ್ಲಿ ನೀರಿತ್ತು. ಚೀಟಿ ನೋಡದೆ ನನ್ನ ಮಗಳು ನನ್ನ ಜೊತೆ ಮಾತಾಡಿದ್ದು ಎಷ್ಟೋ ವರ್ಷಗಳ ಮೇಲೆ.

ಅಂದು ಮಧ್ಯಾಹ್ನ ಹೊನ್ನಿಯ ಕೈ ಹಿಡಿದು ದೊಡ್ಡ ಕೆರೆಗೆ ಹೋದೆ. ಎಪ್ಪತ್ತೆರಡು ವರ್ಷ ಅದೇ ಕೆರೆಯ ಪಕ್ಕದಲ್ಲಿ ಬದುಕಿದ್ದೇನೆ. ಹೋದಾಗಲೆಲ್ಲ ಮಣಿ, 'ಕೆರೆ, ಪ್ರಶಾಂತ, ನೋಡಲು ಯೋಗ್ಯ' ಅನ್ನುತ್ತಿತ್ತು, ನಾನು ಹೌದೆಂದು ತಲೆಯಾಡಿಸಿ ಮನೆಗೆ ಬರುತ್ತಿದ್ದೆ. ಅಂದು ಕಿವಿಯಲ್ಲಿ ಏನೂ ಇಲ್ಲ. ಮೊದಲು ಹೆದರಿಕೆಯಾಯಿತು. ಕಣ್ಣು ಎಲ್ಲಿಡಬೇಕು ಎಂದು ತಿಳಿಯಲಿಲ್ಲ, ನೀರಿನ ಮೇಲಿಡಲೋ, ಆಚೆ ದಂಡೆಯ ಜಾಲಿಗಿಡಗಳ ಮೇಲಿಡಲೋ. ತಲೆನೋವು ಶುರುವಾಯಿತು. ಹೊನ್ನಿ ಕಲ್ಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು, ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ನನಗೆ ಅವಳ ಮೇಲೂ ಸಿಟ್ಟು ಬಂತು. ಏನೂ ಕಾಣುತ್ತಿಲ್ಲವಲ್ಲ ಎಂದು ಎದ್ದು ಹೊರಡುವವಳಿದ್ದೆ. ಆಗ ಕೆಸರಿನಲ್ಲಿ ಒಂದು ಬೆಳ್ಳಕ್ಕಿ ನಡೆದು ಬಂತು. ಒಂದು ಕಾಲು ಎತ್ತಿ, ತಡೆದು, ಮೆಲ್ಲಗೆ ಇಟ್ಟು, ಮತ್ತೆ ಇನ್ನೊಂದು. ನಾನು ನೋಡಿದೆ. ಎಷ್ಟು ಹೊತ್ತು ನೋಡಿದೆನೋ, ಹೊನ್ನಿ ಹಸಿವು ಎಂದು ಎರಡು ಸಲ ಹೇಳಿದಳಂತೆ.

ಮೂರನೆಯ ದಿನ, ನಾಲ್ಕನೆಯ ದಿನ ಬರೆದೆ. ಹೊಡೆದು ಹಾಕಿದೆ, ಮತ್ತೆ ಬರೆದೆ. ಒಂದು ಸಾಲಿನ ಅರ್ಧಕ್ಕೆ ಬಂದು ಮಣಿ ಮುಗಿಸಿಕೊಡಲಿ ಎಂದು ಸುಮ್ಮನೆ ಕಾಯುತ್ತಾ ಕೂತಿರುತ್ತಿದ್ದೆ, ಅದು ಸತ್ತುಬಿದ್ದಿದೆ ಎಂಬುದು ಆಮೇಲೆ ನೆನಪಾಗುತ್ತಿತ್ತು. ಕೊನೆಗೆ ಇಷ್ಟು ಬಂತು: 'ನೆಲ ಒರೆಸಿ ಇನ್ನೂ ಆರದ ಮನೆಯೊಳಗೆ, ಬೈಸಿಕೊಳ್ಳುವ ಭಯದಲ್ಲಿ ಕಾಲೆತ್ತಿ ಇಡುವವಳ ಹಾಗೆ ಬೆಳ್ಳಕ್ಕಿ ನಡೆಯುತ್ತದೆ. ಇದನ್ನು ನೋಡಲು ನನಗೆ ಎಪ್ಪತ್ತೆರಡು ವರ್ಷ ಬೇಕಾಯಿತು. ನನ್ನ ಮೊಮ್ಮಗಳಿಗೆ ಅಷ್ಟು ತಡವಾಗುವುದು ಬೇಡ.' ಅದ್ಭುತ ಎಂದು ನಾನು ಹೇಳುತ್ತಿಲ್ಲ. ನನ್ನದು ಎಂದಷ್ಟೇ ಹೇಳುತ್ತೇನೆ.

ಇಂದು ಬೆಳಿಗ್ಗೆ ಹೊನ್ನಿಯನ್ನು ಅವಳ ತಾಯಿಯ ಹತ್ತಿರ ಬಿಟ್ಟು ಈ ಕಚೇರಿಗೆ ಬಂದೆ. ಖಾಲಿ ದಿನಗಳಲ್ಲೂ ನೋಂದಣಿ ಕಚೇರಿಯಲ್ಲಿ ಒಬ್ಬ ಗುಮಾಸ್ತ ಇರಬೇಕು, ಬಂದ ಅರ್ಜಿಯನ್ನು ಆತನೇ ಓದಿ ತೀರ್ಮಾನಿಸಬೇಕು, ಅವನ ಮುದ್ರೆಯೇ ಕೊನೆಯದು ಎಂಬ ಹಳೆಯ ನಿಯಮವೊಂದಿದೆ. ಯಾರೂ ಬರುವುದಿಲ್ಲವಾದ್ದರಿಂದ ಅದನ್ನು ತೆಗೆದು ಹಾಕಲು ಯಾರಿಗೂ ನೆನಪಾಗಿಲ್ಲ. ಒಳಗೆ ಯಮನೂರಪ್ಪ ಎಂಬ ಗುಮಾಸ್ತ ಕೂತಿದ್ದ. ನಲವತ್ತರ ಆಸುಪಾಸು, ಎಣ್ಣೆ ಹಚ್ಚಿ ಬಾಚಿದ ತಲೆ. ನನ್ನನ್ನು ನೋಡಿ ಗಾಬರಿಯಾಗಿ ಚೀಟಿ ತೆಗೆದ. "ಬನ್ನಿ. ಕುಳಿತುಕೊಳ್ಳಿ. ದಯವಿಟ್ಟು ಹೊಸ ವರ್ಷದ ನಂತರ ಬನ್ನಿ," ಎಂದು ಮೂರನ್ನೂ ಒಂದೇ ಉಸಿರಿಗೆ ಓದಿದ. ನಾನು ಕೂತೆ. ಅರ್ಜಿ ಕೊಟ್ಟೆ.

ಅವನು ಓದಿದ. ಮತ್ತೆ ಓದಿದ. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದ. ಕಿವಿಯನ್ನು ಬೆರಳಿನಿಂದ ಎರಡು ಸಲ ತಟ್ಟಿಕೊಂಡ. "ಇದಕ್ಕ ಚೀಟ್ಯಾಗ ಏನೂ ಇಲ್ರೀ," ಎಂದ. ಆಮೇಲೆ, "ಇದು ಛಲೋ ಐತೋ ಇಲ್ಲೋ ನಂಗ ತಿಳೀವಲ್ದು. ನೀವ ಹೇಳ್ರಿ ಅವ್ವಾರ, ಏನ್ ಮಾಡ್ಲಿ?"

ಮುದ್ರೆ ಒತ್ತು ಎಂದರೆ ಒತ್ತಿಬಿಡುತ್ತಿದ್ದ. ಅವನ ಕಣ್ಣು ಅದನ್ನೇ ಬೇಡುತ್ತಿತ್ತು. ಮುದ್ರೆ ಅವನ ಕೈಯಿಂದ ಗೇಣು ದೂರದಲ್ಲಿತ್ತು, ನನ್ನ ಮೊಮ್ಮಗಳ ಬದುಕು ಅದರ ಕೆಳಗಿತ್ತು. ನನ್ನ ಬಾಯಿಗೆ ಮಾತು ಬಂದೂ ಆಗಿತ್ತು. ಆದರೆ ಅದನ್ನು ಆಡಿದರೆ ನಾನು ಅವನ ಕಿವಿಗೆ ಇನ್ನೊಂದು ಮಣಿ. ನಾಲಗೆ ಕಚ್ಚಿಕೊಂಡು ಕೂತೆ. ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು. ಬಹಳ ಹೊತ್ತಾದ ಮೇಲೆ ಅವನು ಎದ್ದ, ಅರ್ಜಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ, ಬಾಗಿಲು ಹಾಗೇ ತೆರೆದಿಟ್ಟು ಹೊರಟ. ಕೆರೆಯ ಕಡೆಗೆ ಹೊರಳಿದ್ದನ್ನು ಮಾತ್ರ ಕಂಡೆ. ಕಚೇರಿ ಮುಚ್ಚುವುದು ಐದಕ್ಕೆ. ಅವನು ಬರುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ ನಿಮಗೆ ಇಷ್ಟನ್ನೂ ಬರೆದೆ.

ಈಗ ಬಂದ.

ಅವನು ಬಂದು ಹೋದ ಮೇಲೆ ಉಳಿದದ್ದನ್ನು ಬರೆಯುತ್ತಿದ್ದೇನೆ. ಮೊಣಕಾಲಿನವರೆಗೆ ಕೆಸರು. ಬಾಚಿದ ತಲೆ ಕೆದರಿತ್ತು. ಐದಕ್ಕೆ ಇನ್ನು ಹತ್ತು ನಿಮಿಷವಿತ್ತು. ಕೂರಲೂ ಇಲ್ಲ, ಎದುರಿಗೆ ನಿಂತು, "ಅವ್ವಾರ, ನೀವು ಬರದದ್ದು ತಪ್ಪೈತ್ರಿ," ಎಂದ. "ಅದು ನೆಲಕ್ಕ ಅಂಜಿ ಕಾಲು ಎತ್ತೂದಿಲ್ಲ. ಏನೋ ಕಳಕೊಂಡೈತಿ. ಹುಡುಕ್ಲಿಕತ್ತೈತಿ."

ಅರವತ್ತೆರಡು ವರ್ಷಗಳಲ್ಲಿ ನನ್ನ ಮಾತು ತಪ್ಪು ಎಂದವರು ಒಬ್ಬರೂ ಇಲ್ಲ. ನಾನು ಅರ್ಜಿ, ಹೊನ್ನಿ, ನಾಳೆ ಎಲ್ಲವನ್ನೂ ಮರೆತೆ. "ಕಳಕೊಂಡಿದ್ರ ತಲಿ ಬಗ್ಗಸ್ತಿತ್ತು. ಅದು ತಲಿ ಎತ್ತಿ ನಡೀತದ. ನೀ ಎಷ್ಟೊತ್ತು ನೋಡಿದಿ?" ಎಂದು ಕೇಳಿದೆ. "ಭಾಳೊತ್ತು ನೋಡೀನ್ರಿ. ನಾ ನೋಡಿದ್ದು ತಲಿ ಬಗ್ಗಿಸಿತ್ತು," ಎಂದ. ಜಗಳವಾಯಿತು. ಅವನೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಜಗಳವಾಡುತ್ತಲೇ ಒಳಗೆ ಹೋಗಿ, ಮುದ್ರೆ ತೆಗೆದು, ಅರ್ಜಿಯ ಮೇಲೆ ಒತ್ತಿದ. ತಪ್ಪೆಂದ ಮೇಲೆ ಯಾಕೆ ಒತ್ತಿದೆ ಎಂದೆ. "ನಿಮ್ಮದು ತಪ್ಪಂತ ನಂಗ ಹೋಗಿ ನೋಡಿ ಗೊತ್ತಾತಲ್ರಿ," ಎಂದ. ಅವನಿಗೂ ಹೊನ್ನಿಗಿಂತ ಒಂದು ವರ್ಷ ದೊಡ್ಡ ಮಗಳಿದ್ದಾಳಂತೆ, ಹೋದ ಹೊಸ ವರ್ಷಕ್ಕೆ ಮಣಿ ಹಾಕಿಸಿದನಂತೆ. ಅದನ್ನು ಹೇಳಿ ಬಾಗಿಲು ಹಾಕಿಕೊಂಡು ಹೋದ.

ನಿಮ್ಮಲ್ಲಿ ಒಂದು ಕೋರಿಕೆ. ಈ ಪತ್ರ ಕೈಗೆ ಬಂದರೆ, ಓದಿ 'ಎಷ್ಟು ನಿಜ' ಎಂದು ತಲೆಯಾಡಿಸಬೇಡಿ. ಹಾಗೆ ತಲೆಯಾಡಿಸಿದ್ದಕ್ಕೇ ನನಗೆ ಈ ಗತಿ ಬಂದದ್ದು. ನಿಮ್ಮ ಊರಿನ ಕೆರೆಗೆ ಹೋಗಿ, ಕೆರೆ ಇನ್ನೂ ಇದ್ದರೆ. ಬೆಳ್ಳಕ್ಕಿ ನಡೆಯುವುದನ್ನು ನೋಡಿ. ಫೋನು ಮನೆಯಲ್ಲಿರಲಿ. ನನ್ನದು ಸರಿಯೋ ಯಮನೂರಪ್ಪನದು ಸರಿಯೋ ನೀವೇ ತೀರ್ಮಾನಿಸಿ. ನನ್ನದೇ ಸರಿ, ಆದರೂ ನೋಡಿ.

ಈ ಕೊನೆಯ ಸಾಲುಗಳನ್ನು ರಾತ್ರಿ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಂದ ಕೂಡಲೇ ಮುದ್ರೆ ಬಿದ್ದ ಅರ್ಜಿಯನ್ನು ಸುವರ್ಣಳ ಕೈಗೆ ಕೊಟ್ಟೆ. ಹೊನ್ನಿಗೆ ಜಗಳದ ಕತೆ ಹೇಳಿದೆ. ಅವಳು ರೊಟ್ಟಿ ತಿನ್ನುತ್ತಾ ಪೂರ್ತಿ ಕೇಳಿಸಿಕೊಂಡು, "ಇಬ್ರೂ ಸುಳ್ಳ ಹೇಳ್ತೀರಿ ಆಯಿ. ಅದು ಯಾಕ ಹಂಗ ನಡೀತದ ಅಂತ ನಾಳೆ ತೋರಸ್ತೀನಿ," ಎಂದಳು. ಏನೆಂದು ಕೇಳಿದರೆ ಇನ್ನೊಂದು ರೊಟ್ಟಿಗೆ ಕೈ ಚಾಚಿದಳು. ನನ್ನ ಮಣಿ ನಾಳೆ ಬೆಳಿಗ್ಗೆ ಮತ್ತೆ ಬಾಯಿ ತೆರೆಯುತ್ತದೆ, ಕೆರೆ ಪ್ರಶಾಂತ ಎಂದು ಶುರು ಮಾಡುತ್ತದೆ. ಅದಕ್ಕಿಂತ ಜೋರಾಗಿ ಮಾತಾಡು ಎಂದು ಹೊನ್ನಿಗೆ ಹೇಳಿಟ್ಟಿದ್ದೇನೆ.

ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿಯದ,
ಕಾಳಮ್ಮ ಬಡಿಗೇರ